ಪ್ರತಿ ಭಾನುವಾರದ ಅವಘಡ

ಕನ್ಯೆ ನೋಡಲು ನಿಪ್ಪಾಣಿಯ ಆಚೆಯ ಹಳ್ಳಿಗೆ ಹೋದಾಗ, ಮುಂದೆ ನನ್ನ ಮಾವನಾದವರು ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದ್ದರು. ಹುಡುಗಿ ಕನ್ನಡವನ್ನೇ ಮುಖ್ಯ ವಿಷಯವಾಗಿಟ್ಟುಕೊಂಡು ಬಿ.ಎ. ಮುಗಿಸಿದವಳು. ನಾನು ಮಹಾರಾಷ್ಟ್ರದ ಉದಗಾಂವದವನು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮಾತು ಬೇಕಾದಷ್ಟಿತ್ತು, ಅಕ್ಷರ ಒಂದೂ ಗೊತ್ತಿರಲಿಲ್ಲ. ಆದರೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಹೌದ್ರಿ ಎಂದುಬಿಟ್ಟೆ. ಅವರು ಅಂದಿನ ಪೇಪರನ್ನು ಕೈಗಿತ್ತರು. ಗಂಭೀರವಾಗಿ ಪುಟ ತಿರುವಿ, ರಾಜಕಾರಣ ಭಾಳ ಕೆಟ್ಟೈತಿ ಎಂದೆ. ಯಾವ ದಿನದ ಪೇಪರಿಗಾದರೂ ನಡೆಯುವ ಮಾತು.

ಆ ಸುಳ್ಳನ್ನು ಹನ್ನೆರಡು ವರ್ಷ ಸಾಕಿದೆ. ತವರಿನಿಂದ ಲಗ್ನಪತ್ರಿಕೆ ಬಂದರೆ ನನಗೆ ಕಣ್ಣುರಿ ಶುರುವಾಗುತ್ತಿತ್ತು. ಹೆಂಡತಿಯೇ ಓದಿ ಹೇಳುತ್ತಿದ್ದಳು. ಕೊಲ್ಹಾಪುರದ ಡಾಕ್ಟರು ಕಣ್ಣಿಗೆ ಏನೂ ಆಗಿಲ್ಲ ಎಂದಾಗ, ಪಾಪ, ಅವಳು ಇಚಲಕರಂಜಿಯಲ್ಲಿ ಇನ್ನೊಬ್ಬ ಡಾಕ್ಟರನ್ನು ಹುಡುಕಿದಳು. ಅಂದು ನಿಜಕ್ಕೂ ನಾಚಿಕೆಯಾಯಿತು.

ನಾನು ಇತಿಹಾಸದ ಪದವೀಧರ, ಗೋಕುಳ ಶಿರಗಾಂವದ ಫೌಂಡ್ರಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವನು. ಪದವಿ ಮುಗಿದವರು ಇನ್ನೊಂದು ಮುಖ್ಯ ವಿಷಯವನ್ನು ಸೇರಿಸಿಕೊಳ್ಳಬಹುದೆಂದು ತಿಳಿದದ್ದೇ ಕನ್ನಡಕ್ಕೆ ಹೆಸರು ಹಚ್ಚಿದೆ. ಪ್ರಮೋಷನ್ನಿಗಾಗಿ ಅರ್ಥಶಾಸ್ತ್ರ ಎಂದು ಮನೆಯಲ್ಲಿ ಹೇಳಿದೆ. ಒಂದು ಸುಳ್ಳು ಮುಚ್ಚಲು ಇನ್ನೊಂದು. ಬಸ್ ಸ್ಟ್ಯಾಂಡಿನಲ್ಲಿ ಕರ್ನಾಟಕದ ಬಸ್ಸುಗಳ ಬೋರ್ಡು ಓದುತ್ತ ಅಕ್ಷರ ಕಲಿತೆ. 'ಚಿಕ್ಕೋಡಿ' ಎಂದು ಕೂಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತಿತ್ತು.

ಭಾನುವಾರ ಗಡಹಿಂಗ್ಲಜದಲ್ಲಿ ತರಗತಿ. ಕಲಿಸುವ ಮೇಡಂ ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು. ನಿಮ್ಮ ಕಲಿಕೆಯ ಬಗ್ಗೆ ಬರೆಯಿರಿ ಎಂದಾಗ ಹೃದಯ ಬಿಚ್ಚಿ ಬರೆದೆ: 'ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪ್ರತಿ ಭಾನುವಾರ ನನಗೆ ಭಾಳ ಅವಘಡ ಆಗುತ್ತದೆ.' ನಮ್ಮ ಕಡೆ ಅವಘಡ ಎಂದರೆ ಕಷ್ಟ, ಮರಾಠಿಯಲ್ಲೂ ಅದೇ ಅರ್ಥ. ಮೇಡಂ ಊರಿನಲ್ಲಿ ಅವಘಡ ಎಂದರೆ ಅಪಘಾತ. ಓದಿ ಹೆದರಿದ ಅವರು ನನಗೆ ಫೋನ್ ಮಾಡಿದರು. ಅಂದು ಫೌಂಡ್ರಿಗೆ ಹೋಗುವಾಗ ಫೋನನ್ನು ಚಾರ್ಜಿಗೆ ಹಚ್ಚಿ ಮನೆಯಲ್ಲೇ ಮರೆತಿದ್ದೆ.

ಸಂಜೆ ಹೆಂಡತಿ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದಳು.

"ಕನ್ನಡ ಮೇಡಂ ಫೋನ್ ಮಾಡಿದ್ರು. ವಾರಾವಾರ ಎಲ್ಲಿ ಬೀಳಾಕತ್ತೀರಿ ಅಂತ ಕೇಳಿದ್ರು."

ಎಲ್ಲ ಒಪ್ಪಿಕೊಂಡೆ. ಪೇಪರು, ರಾಜಕಾರಣ, ಕಣ್ಣುರಿ, ಅರ್ಥಶಾಸ್ತ್ರ. ಅವಳು ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ನಗು ತಟ್ಟನೆ ನಿಂತಿತು.

"ಹಂಗಾರ ನಿಶ್ಚಯ ಆದಮ್ಯಾಗ ನಾ ಬರೆದ ಪತ್ರಾ ಓದಿಲ್ಲೇನ್ರಿ ನೀವು?"

ಓದಿರಲಿಲ್ಲ. ಪ್ರೀತಿಯ ಪತ್ರವೆಂದು ಊಹಿಸಿ, ಅಂದೇ ಫೋನ್ ಮಾಡಿ, ಭಾಳ ಛಂದ ಬರೆದೀರಿ, ಎಲ್ಲಾ ಒಪ್ಪಿಗಿ ಐತಿ ಎಂದಿದ್ದೆ. ಕಪಾಟಿನ ತಳದಿಂದ ಅದನ್ನು ತೆಗೆದು ಅವಳ ಎದುರಿಗೇ ಬೆರಳಿಟ್ಟು ಓದಿದೆ. ಮದುವೆಯಾದ ಮೇಲೆ ಮರಾಠಿಯನ್ನೂ ಮುಖ್ಯ ವಿಷಯವಾಗಿ ಓದಿ ನಿಮ್ಮಲ್ಲಿಯ ಶಾಲೆಯಲ್ಲಿ ಕಲಿಸಬೇಕೆಂದಿದ್ದೇನೆ, ಇದಕ್ಕೆ ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಈ ಮದುವೆ ಎಂದು ಬರೆದಿದ್ದಳು.

"ಒಪ್ಪಿಗಿ ಅಂದಿದ್ರಿ. ಇಲ್ಲಿ ಬಂದಮ್ಯಾಗ ಆ ಮಾತೇ ಎತ್ತಲಿಲ್ಲ. ಕೊಟ್ಟ ಮಾತು ಮರತೀರಿ ಅಂತ ನಾನೂ ಕೇಳಲಿಲ್ಲ."

ಹನ್ನೆರಡು ವರ್ಷ. ಮರುದಿನ ಫೌಂಡ್ರಿಗೆ ರಜೆ ಹಾಕಿ ಮರಾಠಿ ವಿಷಯದ ಅರ್ಜಿ ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಒಳಗಿನಿಂದ ಹಾಳೆ, ಪೆನ್ನು ತಂದು, ಪತ್ರದಲ್ಲಿದ್ದ ಅದೇ ಷರತ್ತನ್ನು ಕನ್ನಡದಲ್ಲಿ ಮತ್ತೊಮ್ಮೆ ಬರೆದು ನನ್ನ ಕಡೆ ಸರಿಸಿದಳು.

"ಈ ಸಲ ಓದಿ ಹೂಂ ಅನ್ರಿ."