ಒಗೆದ ಕಂಬಳಿಗಳು

ಅಜ್ಜಂಪುರ ಸ್ಟೇಷನ್ನಿನಲ್ಲಿ ನನ್ನ ಪಕ್ಕ ಕುಳಿತಿದ್ದ ಕಾನ್ವೆಂಟಿನ ಸಿಸ್ಟರಮ್ಮ, ಹಿಮ ಬೀಳುವ ದೂರದ ದೇಶಕ್ಕೆ ಬಡ ಮಕ್ಕಳ ಸೇವೆಗೆಂದು ಹೊರಟಿದ್ದರು. ಜೊತೆಗೆ ಒಂದು ಮೂಟೆ ಕುರಿ ಕಂಬಳಿ.

“ವಾಸನೆ ಹೋಗ್ಲಿ ಅಂತ ಎಲ್ಲಾ ಬಿಸಿನೀರಲ್ಲಿ ಸೋಪು ಹಾಕಿ ಒಗೆದಿದ್ದೀನಿ ಅಜ್ಜಿ,” ಎಂದರು.

“ಹಾಳು ಮಾಡಿದ್ರಿ ಕಣ್ರಮ್ಮ. ಹೊಸ ಕಂಬ್ಳೀನ ಎಮ್ಮೆ ತೊಳ್ದಂಗೆ ತೊಳೀತಾರಾ? ನೇಯ್ದೋರು ಬಳಿದಿದ್ದ ಹುಣಸೆಬೀಜದ ಗಂಜಿ ಹೋಯ್ತು. ಗಾಳಿ ತಡೆಯೋದು ಅದೇ.”

ಅವರ ಮುಖ ಸಣ್ಣದಾಯಿತು. “ಅಲ್ಲಿ ಹುಣಸೆಮರ ಇಲ್ಲ ಅಜ್ಜಿ.”

ಮಗಳ ಮನೆಗೆ ಒಯ್ಯುತ್ತಿದ್ದ ಹುಣಸೆಹಣ್ಣಿನ ಗಂಟು ಬಿಚ್ಚಿದೆ. ರೈಲು ಬರುವವರೆಗೂ ಇಬ್ಬರೂ ಬೀಜ ಬಿಡಿಸಿದೆವು. ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ ಬಳಿಯಬೇಕೆಂದು ಹೇಳಿಕೊಟ್ಟೆ.

“ಎಲ್ಲಾ ಕಂಬಳಿಗೂ ಸಾಲುತ್ತಾ?”

“ಸಾಲಲ್ಲ. ಎಳೆ ಮಕ್ಳು ಹೊದೆಯೋದಕ್ಕೆ ಮೊದ್ಲು ಬಳೀರಿ,” ಎಂದೆ.