ಒಂದೇ ಒಂದು ಸ್ಟಾಂಪ್ ಪೇಪರು

ಕೋರ್ಟಿನ ಎದುರು, ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಕೂತು ಕಂಡವರ ಕಷ್ಟಗಳನ್ನು ಟೈಪ್ ಮಾಡಿದವಳು ಟೈಪಿಂಗ್ ಅಕ್ಕ. ವಕೀಲರಿಂದ ಹಿಡಿದು ಜವಾನರವರೆಗೆ ಎಲ್ಲರಿಗೂ ಅವಳು ಅಕ್ಕ; ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ನೋಟರಿಗೂ ಅಕ್ಕನೇ. ತನ್ನ ಕೈಯಿಂದ ತಪ್ಪು ಕಾಗದ ಹೊರಗೆ ಹೋದದ್ದಿಲ್ಲ ಎಂಬ ಜಂಬ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಇರಲಿ ಬಿಡಿ, ಅವಳು ಗಳಿಸಿದ ಆಸ್ತಿ ಅದೊಂದೇ.

ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ಮೇಲೆ ಮನೆಯ ಮಂಚವೇ ಅವಳ ಆಫೀಸಾಯಿತು. ಮನೆಯಲ್ಲಿ ಟೈಪ್ ಮಾಡಿ ಒತ್ತಿದರೆ ಸಾಕು, ಇಂಟರ್ನೆಟ್ಟಿನಲ್ಲಿ ಹೋಗಿ ಅಂಗಡಿಯ ಪ್ರಿಂಟರಿನಿಂದ ಹಾಳೆ ಹೊರಬರುವ ಹಾಗೆ ಯಾರೋ ಪುಣ್ಯಾತ್ಮರು ವ್ಯವಸ್ಥೆ ಮಾಡಿಕೊಟ್ಟಿದ್ದರು. ಪ್ರಿಂಟರಿನ ಪಕ್ಕ ಕೂರುತ್ತಿದ್ದವರು ಅವಳ ಯಜಮಾನರು. ಜೀವಮಾನವೆಲ್ಲ ಟೈಲರ್ ಆಗಿದ್ದವರು, ಕಂಪ್ಯೂಟರ್ ಎಂದರೆ ಮಾರು ದೂರ. ಅದಕ್ಕೇ ಅಕ್ಕ ಒಂದು ಕಟ್ಟುನಿಟ್ಟು ಮಾಡಿದ್ದಳು: ಹಾಳೆ ಬಂದ ಕೂಡಲೇ ಅವರು ಅದರ ಕೊನೆಯ ಸಾಲನ್ನು ಫೋನಿನಲ್ಲಿ ಓದಬೇಕು, ಅವಳು ಹೂಂ ಅಂದ ಮೇಲೇ ಕಾಗದ ಗಿರಾಕಿಯ ಕೈಗೆ. ಯಜಮಾನರಿಗೂ ಅವರದೇ ಒಂದು ಕಟ್ಟುನಿಟ್ಟಿತ್ತು. ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆಯ ಭಯದಲ್ಲಿ ಬದುಕಿದವರು, ಅಂಗಡಿಯಿಂದ ಕಾಲು ಹೊರಗಿಡುವಾಗೆಲ್ಲ ಗೋಡೆಯ ಸ್ವಿಚ್ಚು ಆರಿಸಿಯೇ ಹೋಗುತ್ತಿದ್ದರು. ಆರಿಸಬೇಡಿ ಎಂದು ಹೇಳಿ ಹೇಳಿ ಅಕ್ಕನ ಬಾಯಿ ಸವೆದಿತ್ತು.

ಆ ದಿನದ ಕಾಗದ ಅವಳ ಒಡಹುಟ್ಟಿದ ತಂಗಿಯದು. ತಂಗಿಯ ಗಂಡ ಜಗಳವಾಡಿ ಆರು ವರ್ಷದ ಪುಟ್ಟಿಯನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದ. ಮಾರನೆಯ ಬೆಳಗಿನ ವಿಮಾನಕ್ಕೆ ಅವಳನ್ನು ಪರದೇಶಕ್ಕೆ ಕರೆದೊಯ್ಯುತ್ತಾನೆಂಬ ಸುದ್ದಿ ಮಧ್ಯಾಹ್ನವಷ್ಟೇ ಸಿಕ್ಕಿತ್ತು. ಐದು ಗಂಟೆಯೊಳಗೆ ಪ್ರಮಾಣಪತ್ರ ಕೋರ್ಟಿಗೆ ಸಲ್ಲಿಸಿದರೆ ತಡೆಯಾಜ್ಞೆ ಸಿಗಬಹುದು. ಇಲ್ಲದಿದ್ದರೆ ಮಗು ಕೈತಪ್ಪಿದ ಹಾಗೆಯೇ. ಪ್ರಮಾಣಪತ್ರದ ಮೊದಲ ಪುಟ ಸ್ಟಾಂಪ್ ಪೇಪರಿನ ಮೇಲೇ ಬರಬೇಕು. ತಂಗಿ ತನ್ನ ಹೆಸರಿನಲ್ಲಿ ಒಂದನ್ನು ಕೊಂಡು ಭಾವನ ಕೈಗಿಟ್ಟು, ಬಾಗಿಲು ಹಾಕಬೇಡಿ ಎಂದು ಗುಮಾಸ್ತರನ್ನು ಬೇಡಿಕೊಳ್ಳಲು ಕೋರ್ಟಿನೊಳಗೆ ಓಡಿದ್ದಳು. ಸ್ಟಾಂಪ್ ಪೇಪರು ಮಾರುವ ಕಿಟಕಿ ನಾಲ್ಕಕ್ಕೆ ಮುಚ್ಚಿತು.

ವಕೀಲರು ಕೊನೆಯ ತಿದ್ದುಪಡಿ ಹೇಳಿ ಮುಗಿಸಿದಾಗ ನಾಲ್ಕೂ ಹತ್ತು. ಅಕ್ಕ ಒತ್ತಿದಳು. ಪ್ರಿಂಟರ್ ಸಂಪರ್ಕದಲ್ಲಿಲ್ಲ ಎಂದಿತು ಪರದೆ. ಮತ್ತೆ ಒತ್ತಿದಳು, ಅದೇ ಉತ್ತರ. ಯಜಮಾನರಿಗೆ ಫೋನ್ ಮಾಡಿದರೆ ಬರೀ ರಿಂಗಾಗುತ್ತಿದೆ, ಎತ್ತುವವರಿಲ್ಲ. ‘ಎತ್ತಿ ರೀ, ನಿಮ್ಮ ದಮ್ಮಯ್ಯ, ಎತ್ತಿ’ ಎಂದು ಖಾಲಿ ಕೋಣೆಯಲ್ಲಿ ಗೋಗರೆದಳು. ಪ್ಲಾಸ್ಟರ್ ಹಾಕಿದ ಕಾಲನ್ನು ಮಂಚದಿಂದ ಇಳಿಸಲು ಹೋಗಿ ನೋವಿಗೆ ಕಿರುಚಿದಳು. ಎರಡು ಬಸ್ಸಿನಷ್ಟು ದೂರದ ಅಂಗಡಿಗೆ ಒಂಟಿ ಕಾಲಲ್ಲಿ ಹೋಗಿ ಮಾಡುವುದೇನು? ಅವಳಿಗೆ ದಿಕ್ಕೇ ತೋಚಲಿಲ್ಲ.

ನಾಲ್ಕೂ ಮೂವತ್ತೈದಕ್ಕೆ ಯಜಮಾನರು ಫೋನ್ ಎತ್ತಿದರು.

“ಎಲ್ಲಿ ಹಾಳಾಗಿ ಹೋಗಿದ್ರಿ?”

“ನೋಟರಿಯವರನ್ನ ಕರ್ಕೊಂಡು ಬಂದೆ ಕಣೇ. ಅವರು ಹೊರಟುಬಿಡ್ತಾರೆ ಅಂತ ನೀನೇ ಅಂದ್ಯಲ್ಲ. ಫೋನು ಇಲ್ಲೇ ಉಳಿದುಬಿಡ್ತು.”

“ಸ್ಟಾಂಪ್ ಪೇಪರ್ ಹಾಕಿದೀರಾ?”

“ಆವಾಗ್ಲೇ ಹಾಕಿದೀನಿ. ಮೊದಲು ಅದು, ಆಮೇಲೆ ಬಿಳಿ ಹಾಳೆ.”

“ಹಾಗಾದ್ರೆ ಸ್ವಿಚ್ ಹಾಕಿ, ಬೇಗ!”

ಪ್ರಿಂಟರು ಕೆಮ್ಮಿ, ನರಳಿ, ಓಡತೊಡಗಿದ ಸದ್ದು ಫೋನಿನಲ್ಲಿ ಕೇಳಿ ಅಕ್ಕನಿಗೆ ಹೋದ ಜೀವ ಬಂದಂತಾಯಿತು.

“ಬಂತು ಕಣೇ, ಮೊದಲನೇದು ಬಂತು.”

“ಕೊನೇ ಸಾಲು ಓದಿ.”

ಯಜಮಾನರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು. “ಬಾಡಿಗೆದಾರರು ಗೋಡೆಗಳಿಗೆ ಮೊಳೆ ಹೊಡೆಯತಕ್ಕದ್ದಲ್ಲ.”

ಯಾವನೋ ಮನೆಮಾಲೀಕನ ಬಾಡಿಗೆ ಕರಾರು ಅದು. ಹನ್ನೆರಡು ಗಂಟೆಗೆ ಅವಳೇ ಕಳಿಸಿದ್ದಳು. ಸ್ವಿಚ್ಚು ಆರಿಸಿ ಊಟಕ್ಕೆ ಹೋಗಿದ್ದ ಯಜಮಾನರು ಮರಳಿದ ಮೇಲೂ ಅದನ್ನು ಹಾಕಿರಲಿಲ್ಲ. ನಾಳೆ ಕೊಟ್ಟರಾಯಿತು ಎಂದು ಮರೆತುಬಿಟ್ಟಿದ್ದಳು. ಪ್ರಿಂಟರು ಮರೆತಿರಲಿಲ್ಲ. ಕರೆಂಟು ಬಂದದ್ದೇ, ಮೊದಲು ಬಂದವರಿಗೆ ಮೊದಲು ಎಂದು ಆ ಕರಾರನ್ನು ತಂಗಿಯ ಸ್ಟಾಂಪ್ ಪೇಪರಿನ ಮೇಲೆ ಅಚ್ಚುಕಟ್ಟಾಗಿ ಇಳಿಸಿತ್ತು. ಕಾದು ಕೂತ ಕಾಗದಗಳ ಪಟ್ಟಿ ಅವಳ ಪರದೆಯ ಮೂಲೆಯಲ್ಲೇ ಇತ್ತು. ಆ ಇಪ್ಪತ್ತೈದು ನಿಮಿಷದಲ್ಲಿ ಒಮ್ಮೆ ತೆರೆದು ನೋಡಿ ಕರಾರನ್ನು ಅಳಿಸಿದ್ದರೆ ಮುಗಿಯುತ್ತಿತ್ತು. ನೋಡಲಿಲ್ಲ ಮಹಾರಾಯ್ತಿ.

ಹಿಂದೆಯೇ ಬಿಳಿ ಹಾಳೆಯ ಮೇಲೆ ಬಂದ ಪ್ರಮಾಣಪತ್ರವನ್ನೇ ಹಿಡಿದು ಯಜಮಾನರು ಕೋರ್ಟಿಗೆ ಓಡಿದರು. ಐದಕ್ಕೆ ಐದು ನಿಮಿಷವಿರುವಾಗ ತಂಗಿಯ ಜೊತೆ ಬರಿಗೈಯಲ್ಲಿ ಮರಳಿದರು. ಸ್ಟಾಂಪ್ ಪೇಪರಿಲ್ಲದೆ ಮುಟ್ಟುವುದೂ ಇಲ್ಲ ಎಂದಿದ್ದರಂತೆ ಗುಮಾಸ್ತರು.

ಅಂಗಡಿಯ ಮೇಜಿನ ಮೇಲೆ ಫೋನು ಕರೆ ಕಡಿಯದೆ ಹಾಗೇ ಇತ್ತು. ಯಜಮಾನರು ಹೇಳುತ್ತಿದ್ದುದು ಅಕ್ಕನಿಗೆ ಕೇಳಿಸಿತು. “ತಪ್ಪು ನಂದೇ ಅಮ್ಮಾ. ನಾನೇ ಹಾಳೆ ಹೆಚ್ಚುಕಮ್ಮಿ ಮಾಡ್ದೆ. ನಿಮ್ಮಕ್ಕ ಸರಿಯಾಗೇ ಕಳಿಸಿದ್ಲು.”

ಅಕ್ಕನಿಗೆ ಸುಮ್ಮನಿದ್ದರೆ ಮುಗಿದುಹೋಗುತ್ತದೆ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ನಾಚಿಕೆಯಾಯಿತು.

“ಅವರ ಮಾತು ನಂಬಬೇಡ ಕಣೇ,” ಎಂದು ಕೂಗಿದಳು. “ತಪ್ಪು ನಂದು. ಪೂರ್ತಿ ನಂದೇ.”

ತಂಗಿ ಫೋನನ್ನು ಕೈಗೆತ್ತಿಕೊಂಡಳು. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ.

“ಯಾರದಾದ್ರೆ ಏನಕ್ಕಾ,” ಎಂದಳು. “‘ಅಮ್ಮಾ, ನೀನೂ ವಿಮಾನಕ್ಕೆ ಬರ್ತೀಯಲ್ವಾ’ ಅಂತ ಮಧ್ಯಾಹ್ನ ಪುಟ್ಟಿ ಫೋನಲ್ಲಿ ಕೇಳಿದ್ಲು. ಸಂಜೆ ಹೇಳ್ತೀನಿ ಅಂದಿದೀನಿ. ಏನು ಹೇಳ್ಲಿ?”