ನಾಲ್ಕಾಳು ಬೋಟು

ಅವರ ಬಲಗಿವಿಯ ಮೇಲೆ, ಇನ್ನೂ ಕಪ್ಪಾಗಿಯೇ ಇದ್ದ ಕೂದಲಿನಲ್ಲಿ, ಬಳಪದ ಒಂದು ಬಿಳಿ ಗೆರೆ ಸದಾ ಇರುತ್ತಿತ್ತು. ಕಬ್ಬಿಣದ ಮೇಲೆ ಗುರುತು ಹಾಕಿ ಬಳಪವನ್ನು ಅಲ್ಲೇ ಸಿಕ್ಕಿಸಿಕೊಳ್ಳುವುದು ಅವರ ರೂಢಿ. ಮುಂಗೈ ತುಂಬ ವೆಲ್ಡಿಂಗ್ ಕಿಡಿ ಸುಟ್ಟ ಕಲೆಗಳು, ರಾಗಿ ಚೆಲ್ಲಿದ ಹಾಗೆ.

ಪೆರೇಸಂದ್ರದ ಹತ್ತಿರ ಹೆದ್ದಾರಿ ಬದಿಯಲ್ಲಿ ಅವರ ಶೆಡ್ಡು. ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟುವ ಮೇಸ್ತ್ರಿ. ಅಳತೆಯನ್ನು ತೆಲುಗಿನಲ್ಲಿ ಎಣಿಸುವರು, ಗಿರಾಕಿಗಳೊಡನೆ ಕನ್ನಡ ಆಡುವರು. ಬಗ್ಗದ ಕಬ್ಬಿಣವನ್ನು ಮಾತ್ರ ತೆಲುಗಿನಲ್ಲೇ ಬೈಯುವರು. 'ಏಮೇ, ಮಾಟ ವಿನವಾ?' ಮಾತು ಕೇಳಲ್ವೇನೇ ಎಂದು ಹೆಂಡತಿಯನ್ನು ಗದರಿದಂತೆ. ಟ್ರೇಲರ್ ಬೇಕೆಂದು ಬಂದವರನ್ನು ಏನು ತುಂಬುತ್ತೀರಿ ಎಂದು ಮೊದಲು ಕೇಳುತ್ತಿರಲಿಲ್ಲ. ಎಲ್ಲಿ ಇಳಿಸುತ್ತೀರಿ, ಅಲ್ಲಿಂದ ಹೇಗೆ ವಾಪಸ್ ಬರುತ್ತೀರಿ ಎಂದು ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದವರನ್ನು ಬೆಂಚಿನ ಮೇಲೆ ಕೂರಿಸಿ, ಯೋಚನೆ ಮಾಡಿ ಹೇಳಲು ಬಿಟ್ಟು, ತಾವು ಕೆಲಸಕ್ಕೆ ಹೋಗುತ್ತಿದ್ದರು.

ನಾನು ಮೂವತ್ತನಾಲ್ಕು ವರ್ಷ ಚಿಕ್ಕಬಳ್ಳಾಪುರದಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಐದಕ್ಕೆ ಏಳುವುದು, ಏಳೂವರೆಗೆ ತಿಂಡಿ, ಒಂಬತ್ತಕ್ಕೆ ನಿದ್ದೆ. ನಿವೃತ್ತಿಯಾದ ಮೇಲೂ ಇದು ತಪ್ಪಿಲ್ಲ. ಕ್ರಮ ತಪ್ಪದವನು ಮಾತಿನಲ್ಲೂ ತಪ್ಪುವುದಿಲ್ಲ ಎಂದು ನಂಬಿದ್ದೆ. ಈ ಮೇಸ್ತ್ರಿಗೆ ನಾನು ಮಾಡಿದ ಅನ್ಯಾಯ ಸರಿಯಾಗಿ ಒಂದು ಪುಟದಷ್ಟಿದೆ, ಅದೂ ನನ್ನದೇ ಕೈಬರಹದಲ್ಲಿ. ಹೇಗಾಯಿತೆಂದು ಬರೆಯುತ್ತೇನೆ.

ಕೆರೆಗಳು ತುಂಬಿದ ವರ್ಷ ಅದು. ದಿನವೂ ಕೆರೆ ಏರಿಯ ಮೇಲೆ ನಡೆಯುತ್ತಿದ್ದ ನಾವು ಐದು ಜನ ನಿವೃತ್ತರು ಸೇರಿ ಒಂದು ಬೋಟು ತರಲು ತೀರ್ಮಾನಿಸಿದೆವು. ಗೆಳೆಯರೊಬ್ಬರ ಜೀಪಿನ ಹಿಂದೆ ಟ್ರೇಲರ್‌ನಲ್ಲಿ ಕಟ್ಟಿಕೊಂಡು ಒಂದು ಭಾನುವಾರ ಶಿಡ್ಲಘಟ್ಟದ ಕಡೆ, ಇನ್ನೊಂದು ಭಾನುವಾರ ಚಿಂತಾಮಣಿ ಕಡೆ. ಪಂಚಾಯಿತಿಗಳ ಒಪ್ಪಿಗೆ ನಾನೇ ತಂದೆ. ಬೋಟಿನ ವಿಷಯದಲ್ಲಿ ನನ್ನ ಮಾತೇ ಕೊನೆ, ಏಕೆಂದರೆ ಹರೆಯದಲ್ಲಿ ಸಮುದ್ರ ತೀರದ ತರಬೇತಿ ಶಿಬಿರವೊಂದರಲ್ಲಿ ಹತ್ತು ದಿನ ದೋಣಿಗೆ ಹುಟ್ಟು ಹಾಕಿದ್ದೆ.

ಟ್ರೇಲರ್ ಕಟ್ಟಲು ಈ ಮೇಸ್ತ್ರಿಗೆ ಹೇಳಿದೆವು. ಅವರು ಮೊದಲು ಕೆರೆ ನೋಡಬೇಕೆಂದರು. ಭಾನುವಾರ ಬೆಳಿಗ್ಗೆ ಆರಕ್ಕೆ ಸಾದಲಿ ಕಡೆಯ ಕೆರೆಯೊಂದಕ್ಕೆ ಎಲ್ಲರೂ ಹೋದೆವು. ನಾನು ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರು ನೀರಿನ ಕಡೆ ನೋಡಲೇ ಇಲ್ಲ. ದಡದಲ್ಲಿ ಎಮ್ಮೆ ಇಳಿಯುವ ಜಾಗ ಹುಡುಕಿ, ಪಂಚೆ ಎತ್ತಿ ಕಟ್ಟಿ, ಕಾಲು ಎಷ್ಟು ಹೂತುಹೋಗುತ್ತದೆ ಎಂದು ನಿಂತು ನೋಡಿದರು. ದನ ಮೇಯಿಸುತ್ತಿದ್ದವನನ್ನು ಕರೆದು, ಯುಗಾದಿ ಹೊತ್ತಿಗೆ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿದರು. ಆಮೇಲೆ ಕೆಸರುಗಾಲಲ್ಲೇ ನನ್ನ ಬಳಿ ಬಂದು ಹೇಳಿದರು:

'ನಾಲ್ಕಾಳು ಬೋಟ್ ತಗೊಳ್ಳಿ ಸಾರ್. ಅದಕ್ಕಿಂತ ದೊಡ್ಡದು ಈ ಕೆರೆಗಳಿಗೆ ಬೇಡ.'

'ನಾವು ಐದು ಜನ ಇದೀವಿ ಮೇಸ್ತ್ರಿ,' ಎಂದೆ. 'ಒಬ್ಬರನ್ನ ಚಪ್ಪಲಿ ಕಾಯೋಕೆ ದಡದಲ್ಲಿ ಬಿಟ್ಟೋಗಣ ಅಂತೀರಾ?'

ಗೆಳೆಯರೆಲ್ಲ ನಕ್ಕರು. ಅವರೂ ನಕ್ಕು, 'ಅದಲ್ಲ ಸಾರ್, ನಾನ್ ಹೇಳಿದ್ದು...' ಎಂದು ಶುರುಮಾಡಿದರು. ನಾನು ಗಡಿಯಾರ ನೋಡಿದೆ. ತಿಂಡಿಯ ಹೊತ್ತಾಗಿತ್ತು. ಜೀಪು ಹತ್ತಿ ಎಂದೆ. ಅವರು ಹೇಳಹೊರಟಿದ್ದು ಏನೆಂದು ಆ ದಿನ ಯಾರೂ ಕೇಳಲಿಲ್ಲ.

ದಾರಿಯಲ್ಲಿ ಅವರು ಬೇರೊಂದು ವಿಷಯ ಹೇಳಿದರು. ಗೌರಿಬಿದನೂರು ಕಡೆಯ ಮೀನುಗಾರರ ಸಂಘವೊಂದು ಬೋಟುಗಳನ್ನು ಕೆರೆಯಿಂದ ಕೆರೆಗೆ ಸಾಗಿಸಲು ಹತ್ತು ಟ್ರೇಲರ್ ಕಟ್ಟಿಸಬೇಕೆಂದಿತ್ತು. ನಮ್ಮ ಟ್ರೇಲರ್ ನೋಡಿ ಮೇಸ್ತ್ರಿಗೆ ಕೆಲಸ ಕೊಡುವುದೆಂದು ಮಾತಾಗಿತ್ತು. 'ಬೆನ್ನು ಹೋಗ್ತಾ ಐತೆ ಸಾರ್. ಟ್ರ್ಯಾಕ್ಟರ್ ಕೆಲಸ ಅಂದ್ರೆ ಬರೀ ಭಾರ ಎತ್ತೋದೇ. ಬೋಟ್ ಟ್ರೇಲರ್ ಹಗುರ. ಇದೊಂದು ಕೈ ಹತ್ತಿದ್ರೆ ಅರವತ್ತಾದ್ಮೇಲೂ ಕೂತ್ಕೊಂಡೇ ಮಾಡ್ಕೋಬೋದು.' ಶಿಸ್ತಿನಿಂದ ಕೆಲಸ ಮಾಡಿದರೆ ಖಂಡಿತ ಸಿಗುತ್ತದೆ ಎಂದು ಉಪದೇಶ ಮಾಡಿದೆ.

ಕರಾವಳಿಯಿಂದ ಹದಿನಾರು ಅಡಿಯ, ಎಂಟು ಜನ ಕೂರುವ ಫೈಬರ್ ಬೋಟು ತರಿಸಿದೆ. ಹನ್ನೆರಡು ಅಡಿಯದೂ ಅಲ್ಲಿತ್ತು. ಅದು ನನಗೆ ಮಕ್ಕಳ ಆಟಿಕೆಯಂತೆ ಕಂಡಿತ್ತು. ನಾನು ತರಿಸಿದ ಬೋಟಿನ ಸುತ್ತ ಮೇಸ್ತ್ರಿ ಎರಡು ಸುತ್ತು ಬಂದು, ಹಿಂಬದಿಯ ಎಂಜಿನ್ ಮುಟ್ಟಿ ನೋಡಿದರು. ಕೊನೆಗೆ, 'ಟ್ರೇಲರ್ ತಡೆಯೋ ಹಂಗೆ ಕಟ್ಕೊಡ್ತೀನಿ. ಕೆರೆ ತಡೆಯೋದು ನನ್ ಕೈಲಿಲ್ಲ,' ಎಂದರು. ಇದನ್ನು ನಾನು ಅಧಿಕಪ್ರಸಂಗ ಎಂದುಕೊಂಡೆ.

ನೀರು ಏರಿಯವರೆಗೂ ಇದ್ದ ತಿಂಗಳುಗಳಲ್ಲಿ ಎಲ್ಲ ಸುಸೂತ್ರ. ರಸ್ತೆ ಬದಿಯ ಗಟ್ಟಿ ನೆಲದಿಂದಲೇ ಟ್ರೇಲರ್ ಹಿಂದಕ್ಕೆ ಬಿಟ್ಟರೆ ಬೋಟು ತೇಲುತ್ತಿತ್ತು. ಮನೆಯವರಿಗೆಲ್ಲ ಲೈಫ್ ಜಾಕೆಟ್ ಹಾಕಿಸಿ, ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ ಹತ್ತಿಸುತ್ತಿದ್ದೆ. ಹೆಂಗಸರು ನಗುತ್ತಿದ್ದರು.

ಬೇಸಿಗೆ ಬಂತು, ನೀರು ಹಿಂದೆ ಸರಿಯಿತು. ಸಾದಲಿ ಕಡೆಯ ಅದೇ ಕೆರೆಯಲ್ಲಿ ಬೋಟನ್ನು ಹೇಗೋ ಇಳಿಸಿದೆವು. ವಾಪಸ್ ಎಳೆಯುವಾಗ ಟ್ರೇಲರ್ ಚಕ್ರಗಳು ಹೂಳಿನಲ್ಲಿ ಅಚ್ಚಿನವರೆಗೂ ಇಳಿದುಬಿಟ್ಟವು. ಜೀಪಿಗೆ ಅದು ಜಗ್ಗಲಿಲ್ಲ. ಟ್ರ್ಯಾಕ್ಟರ್ ತರಿಸಿ ಓರೆಯಾಗಿ ಎಳೆಸಿದ್ದು ನಾನೇ. ಅಚ್ಚು ಬಾಗಿತು, ಬೋಟು ವಾಲಿ ಕಲ್ಲಿಗೆ ಬಡಿದು ತಳ ಬಿರುಕುಬಿಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನಮ್ಮ ಮನೆಯವರು, ಅರ್ಧ ಊರಿನವರು ನೋಡುತ್ತ ನಿಂತಿದ್ದರು. ಏನ್ ಸಾರ್ ಹಿಂಗಾಯ್ತು ಎಂದು ಒಬ್ಬರು ಕೇಳಿದಾಗ ನನ್ನ ಬಾಯಿಂದ ಬಂದದ್ದು, 'ಟ್ರೇಲರ್ ಸರಿಯಿಲ್ಲ. ಮೇಸ್ತ್ರಿಗೆ ಈ ಕೆಲಸ ಬರಲ್ಲ.'

ಮಾರನೆಯ ದಿನ ಮೀನುಗಾರರ ಸಂಘದ ಕಾರ್ಯದರ್ಶಿ ಫೋನ್ ಮಾಡಿ ವಿಚಾರಿಸಿದರು. ಬರೆದು ಕಳಿಸುತ್ತೇನೆ ಎಂದೆ. ಒಂದು ಪುಟ, ಅಂಶ ಒಂದು, ಎರಡು, ಮೂರು ಎಂದು ಅಂಕಿ ಹಾಕಿ, ಟ್ರೇಲರ್ ಬೋಟಿಗೆ ತಕ್ಕುದಾಗಿರಲಿಲ್ಲ ಎಂದು ಬರೆದು, ಸಹಿ ಮಾಡಿ, ಅದೇ ದಿನ ಅಂಚೆಗೆ ಹಾಕಿದೆ.

ಬುಧವಾರ ಮೇಸ್ತ್ರಿ ಬಂದರು, ಕರೆಯದೆಯೇ. ಅಚ್ಚು ಬಿಚ್ಚಲು, ಹೇಗೋ ಎಳೆತಂದು ನಮ್ಮ ಮನೆ ಮುಂದೆ ನಿಲ್ಲಿಸಿದ್ದ ಟ್ರೇಲರ್‌ನಿಂದ ಬೋಟನ್ನು ಕೆಳಗಿಳಿಸಬೇಕಿತ್ತು. ಬೀದಿಯಲ್ಲಿ ಹೋಗುತ್ತಿದ್ದವರನ್ನು ಒಬ್ಬೊಬ್ಬರಾಗಿ ಕೂಗಿದರು. ನಾಲ್ವರಿಂದ ಅದು ಅಲುಗಲಿಲ್ಲ. ಆರು ಜನ ಸೇರಿದರು, ಆಗಲಿಲ್ಲ. ಒಂಬತ್ತು ಜನ ಹಿಡಿದ ಮೇಲೆ ಎದ್ದಿತು. ಅವರು ಬೆವರು ಒರೆಸಿಕೊಳ್ಳುತ್ತ, ಯಾರನ್ನೂ ದೂಷಿಸದ ದನಿಯಲ್ಲಿ ಹೇಳಿದರು:

'ಇದಕ್ಕೇ ಸಾರ್ ನಾನ್ ನಾಲ್ಕಾಳು ಅಂದಿದ್ದು. ನಾಲ್ಕ್ ಜನ ಎತ್ತೋ ಬೋಟಾದ್ರೆ, ಟ್ರೇಲರ್‌ನ ಗಟ್ಟಿ ನೆಲದ ಮೇಲೇ ನಿಲ್ಸಿ, ಕೆಸರು ದಾಟ್ಸಿ ಹೊತ್ಕೊಂಡ್ ಬರ್ಬೋದು. ಕೂರೋರ ಲೆಕ್ಕ ಅಲ್ಲ ಅದು.'

ಎಷ್ಟು ಜನ ಕೂರುತ್ತಾರೆ, ಎಷ್ಟು ಅಡಿ ಉದ್ದ ಎಂದು ನಾನು ಲೆಕ್ಕ ಹಾಕಿದ್ದೆ. ಎಷ್ಟು ಜನ ಎತ್ತಬಲ್ಲರು ಎಂದು ಅವರು ಲೆಕ್ಕ ಹಾಕಿದ್ದರು. ಈ ಸೀಮೆಯಲ್ಲಿ ಹುಟ್ಟಿ, ಎರಡಾಳು ಕಲ್ಲು, ನಾಲ್ಕಾಳು ತೊಲೆ ಎಂಬ ಮಾತು ಕೇಳಿಯೇ ಬೆಳೆದವನು ನಾನು. ಆದರೂ ಬೋಟು ಎಂದ ಕೂಡಲೇ ಅದು ಸೀಟುಗಳ ಮಾತೇ ಇರಬೇಕೆಂದು ತಿಳಿದೆ. ಒಂದು ನಿಮಿಷ ಕಿವಿಗೊಟ್ಟಿದ್ದರೆ ಸಾಕಿತ್ತು.

ಇಲ್ಲಿಯವರೆಗಿನದು ತಪ್ಪು ತಿಳಿವಳಿಕೆ. ಮುಂದಿನದು ಹಾಗಲ್ಲ. ಸಂಘದವರು ಇನ್ನೂ ತೀರ್ಮಾನ ಮಾಡಿರಲಿಲ್ಲ. ಒಂದು ಫೋನ್ ಮಾಡಿ, ನನ್ನ ಕಾಗದ ತಪ್ಪು, ಬೋಟು ಆರಿಸಿದ್ದೇ ಸರಿಯಿರಲಿಲ್ಲ, ಟ್ರೇಲರ್ ಸರಿಯಾಗಿತ್ತು ಎಂದಿದ್ದರೆ ಆಗುತ್ತಿತ್ತು. ನಾನು ಮಾಡಲಿಲ್ಲ. ಶಾಲೆಯ ಮಕ್ಕಳೆದುರು ಒಂದು ದಿನವೂ ನನ್ನ ತಪ್ಪು ಎಂದವನಲ್ಲ. ಎಪ್ಪತ್ತನೆಯ ವಯಸ್ಸಿನಲ್ಲಿ ಆ ಮಾತು ನಾಲಿಗೆಗೆ ಬರಲಿಲ್ಲ. ಮರೆತಂತೆ ನಟಿಸಿದೆ. ಹತ್ತು ಟ್ರೇಲರ್‌ಗಳ ಕೆಲಸ ಬೇರೆಯವರಿಗೆ ಹೋಯಿತು.

ಕೆಲವು ತಿಂಗಳ ನಂತರ ಗೇಟಿಗೆ ವೆಲ್ಡಿಂಗ್ ಮಾಡಿಸಲು ಅವರ ಶೆಡ್ಡಿಗೆ ಹೋದೆ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಟ್ರ್ಯಾಕ್ಟರ್ ಟ್ರೇಲರಿನ ಚಾಸಿ ತಿರುಗಿಸುತ್ತಿದ್ದರು. ಮಾತಾಡಿಸಿದರು, ಟೀ ತರಿಸಿದರು, ಗೇಟಿನ ಕೆಲಸ ಆಗಲೇ ಮಾಡಿಕೊಟ್ಟರು. ಹೊರಡುವಾಗ ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಹೇಳಿದರು.

'ನಿಮ್ ಅಕ್ಷರ ಬಲೇ ಚೆನ್ನಾಗೈತೆ ಸಾರ್.'

ಆ ಮಾತಿನಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಸಂಘದವರು ಕಾಗದ ತೋರಿಸಿದ್ದಾರೆ, ಅವರು ಓದಿದ್ದಾರೆ, ಅಷ್ಟು ತಿಳಿಯಿತು. ಅಲ್ಲೇ, ಆ ಶೆಡ್ಡಿನಲ್ಲೇ ಕ್ಷಮಿಸಿ ಎನ್ನಬಹುದಿತ್ತು. ಮಳೆ ಬರೋ ಹಾಗಿದೆ, ಬರ್ತೀನಿ ಎಂದು ಹೊರಟುಬಂದೆ.

ಕೊನೆಗೂ ಬರೆದೆ. ಬೋಟಿನ ಗಾತ್ರ ಆರಿಸಿದ್ದು ನಾನು, ಅವರು ಬೇಡವೆಂದಿದ್ದರು, ಟ್ರೇಲರಿನಲ್ಲಿ ದೋಷವಿರಲಿಲ್ಲ ಎಂದು. ಸಂಘಕ್ಕೊಂದು ಪ್ರತಿ, ಅವರಿಗೊಂದು ಪ್ರತಿ. ಬರೆಯಲು ಒಂದು ವರ್ಷ ಹಿಡಿಯಿತು. ಅವರ ಪ್ರತಿ ಕೊಡಲು ಹೋದಾಗ ಶೆಡ್ಡಿಗೆ ಬೀಗ ಬಿದ್ದಿತ್ತು. ಮೇಸ್ತ್ರಿ ಹೃದಯಾಘಾತವಾಗಿ ತೀರಿಕೊಂಡು ಹದಿನೇಳು ದಿನವಾಯಿತು ಎಂದು ಪಕ್ಕದ ಪಂಚರ್ ಅಂಗಡಿಯವರು ಹೇಳಿದರು.

ಮನೆ ಹುಡುಕಿಕೊಂಡು ಹೋದೆ. ಬಾಗಿಲಿಗೆ ಬಂದ ಅವರ ಹೆಂಡತಿಗೆ ಕಾಗದ ಕೊಟ್ಟೆ. ಕನ್ನಡಕ ಇಲ್ಲ, ನೀವೇ ಓದಿ ಎಂದರು. ನಿಂತುಕೊಂಡೇ ಓದಿದೆ. ಆಕೆ ಸೆರಗಿನ ತುದಿ ಹಿಡಿದು ಕೊನೆಯವರೆಗೂ ಕೇಳಿದರು.

'ಇದನ್ನ ಅವ್ರಿಗೆ ಹೇಳಿದ್ರಾ?'

ಇಲ್ಲಮ್ಮ ಎಂದೆ.

ಆಕೆ ಕಾಗದ ಇಸಿದುಕೊಂಡು, ಮಡಿಕೆ ಬಿದ್ದಿದ್ದ ಕಡೆಯೇ ಮಡಿಸಿದರು. 'ಬಿಸ್ಲಲ್ಲಿ ಬಂದಿದೀರ. ಕೂತ್ಕೊಳ್ಳಿ, ಕಾಫಿ ತರ್ತೀನಿ,' ಎಂದು ಒಳಗೆ ಹೋದರು. ಕೂತೆ. ಕುಡಿಯದೆ ಎದ್ದು ಬರುವ ಧೈರ್ಯವೂ ನನಗಿರಲಿಲ್ಲ.